ಬಾಡಿಗೆ ರೂಮು ಕಟ್ಟುವ ಮುನ್ನ: ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ



ಕಳೆದ ತಿಂಗಳು ನರಸಾಪುರದ ಹತ್ತಿರ ಒಂದು ಸಂಘದ ಸಭೆಗೆ ಹೋಗಿದ್ದೆ. ಉಳಿತಾಯ ಕಟ್ಟಿ, ಮರುಪಾವತಿ ಬರೆದು ಮುಗಿದ ಮೇಲೆ ಪುಸ್ತಕ ಬರೆಯುವ ಹುಡುಗಿ ಸಾಲದ ಅರ್ಜಿಗಳನ್ನು ಓದಿದಳು. ಆರು ಅರ್ಜಿ. ಅದರಲ್ಲಿ ನಾಲ್ಕಕ್ಕೆ ಕಾರಣ ಒಂದೇ: "ರೂಮು ಕಟ್ಟಲು". ಹಳೆಯ ನಡಾವಳಿ ಪುಸ್ತಕ ತೆಗೆದು ನೋಡಿದರೆ ಹಸು ತರಲು, ಬೋರ್‌ವೆಲ್ ಕೊರೆಸಲು, ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ ಎಂದಿರುತ್ತಿತ್ತು. ಈಗ ಎಲ್ಲರ ಬಾಯಲ್ಲೂ ರೂಮು.

"ಹಸು ಆದ್ರೆ ಹುಲ್ಲು ಹಾಕ್ಬೇಕು, ಸೆಗಣಿ ಬಾಚ್ಬೇಕು, ಕಾಯಿಲೆ ಬಂದ್ರೆ ಡಾಕ್ಟ್ರನ್ನ ಕರೀಬೇಕು. ರೂಮಿಗೇನು ಸಿಸ್ಟರ್? ಒಂದ್ಸಲ ಕಟ್ಟಿಬಿಟ್ರೆ ತಿಂಗಳಾದ್ರೆ ದುಡ್ಡು ಬರ್ತದೆ" ಎಂದರು ಒಬ್ಬ ಅಕ್ಕ. ಎಲ್ಲರೂ ನಕ್ಕರು. ಮೂಲೆಯಲ್ಲಿ ಕೂತಿದ್ದ ಇನ್ನೊಬ್ಬರು ಮಾತ್ರ ನಗಲಿಲ್ಲ. ಅವರಿಗೆ ಮೂರು ರೂಮಿವೆ. "ರೂಮಿಗೂ ಹುಲ್ಲು ಹಾಕ್ಬೇಕು ಕಣಕ್ಕ. ಮೋಟ್ರು ಸುಟ್ಟೋದ್ರೆ ಯಾರು ಕಟ್ಟಿಸ್ತಾರೆ? ಖಾಲಿ ಬಿದ್ದಿದ್ರೆ ಕಂತು ಯಾರು ಕಟ್ತಾರೆ?" ಎಂದು ಕೇಳಿದರು. ಆ ಪ್ರಶ್ನೆಯೇ ಈ ತಿಂಗಳ ಪಾಠ.

ರೂಮು ಕಟ್ಟಬೇಡಿ ಎಂದು ನಾನು ಹೇಳುವುದಿಲ್ಲ. ಗಂಡ ತೀರಿಹೋದ, ಮಕ್ಕಳು ದೂರ ಇರುವ ಎಷ್ಟೋ ಹೆಂಗಸರು ಎರಡು ರೂಮಿನ ಬಾಡಿಗೆಯಲ್ಲಿ ಯಾರ ಮುಂದೆಯೂ ಕೈ ಚಾಚದೆ ಬದುಕುತ್ತಿದ್ದಾರೆ. ಆದರೆ ತಿಳಿದು ಕಟ್ಟಬೇಕು.

ಈ ಬಾಡಿಗೆ ಎಲ್ಲಿಂದ ಬರುತ್ತಿದೆ?

ನಮ್ಮ ಜಿಲ್ಲೆಯಲ್ಲಿ ಬಾಡಿಗೆ ಎಂದರೆ ಮೊದಲು ಕೋಲಾರ ಪಟ್ಟಣ, ಮಾಲೂರು ಪಟ್ಟಣ ಅಷ್ಟೇ. ಮೇಷ್ಟ್ರು, ಬ್ಯಾಂಕಿನವರು, ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರು ಬಾಡಿಗೆಗೆ ಇರುತ್ತಿದ್ದರು. ಹಳ್ಳಿಯಲ್ಲಿ ಮನೆ ಬಾಡಿಗೆಗೆ ಕೊಡುವುದು ಎಂಬ ಮಾತೇ ಇರಲಿಲ್ಲ. 2013ರಲ್ಲಿ ನರಸಾಪುರದಲ್ಲಿ ಹೋಂಡಾ ಕಾರ್ಖಾನೆ ಶುರುವಾಯಿತು. ಆಮೇಲೆ ಒಂದರ ಹಿಂದೆ ಒಂದು ಬಂದವು. ವೇಮಗಲ್ ಕಡೆಗೂ ಕೈಗಾರಿಕೆ ಬಂತು, ಮಾಲೂರಿನ ಕೈಗಾರಿಕಾ ಪ್ರದೇಶವೂ ಬೆಳೆಯಿತು. ರಾಯಚೂರು, ಕಲಬುರಗಿ ಕಡೆಯ ಹುಡುಗರು, ಒಡಿಶಾ, ಬಿಹಾರ, ಜಾರ್ಖಂಡ್‌ನವರು, ಈಚೆಗೆ ಹೆಣ್ಣುಮಕ್ಕಳೂ ಕೆಲಸಕ್ಕೆ ಬಂದರು. ಅವರಿಗೆ ಇರಲು ಜಾಗ ಬೇಕಾಯಿತು. ದನದ ಕೊಟ್ಟಿಗೆ ಇದ್ದ ಕಡೆ ಹಾಲೋಬ್ಲಾಕ್ ಗೋಡೆ ಎದ್ದಿತು, ಮೇಲೆ ಸಿಮೆಂಟ್ ಶೀಟು ಬಂತು, ಬಾಗಿಲಿಗೆ ನಂಬರು ಬಿತ್ತು.

ಇದರಲ್ಲಿ ಒಂದು ಮಾತು ಅಡಗಿದೆ. ನಮ್ಮ ಬಾಡಿಗೆ ನಿಂತಿರುವುದು ಕಾರ್ಖಾನೆಯ ಗೇಟಿನ ಮೇಲೆ. ಗೇಟು ಮುಚ್ಚಿದರೆ ರೂಮೂ ಖಾಲಿ. ಇದನ್ನು ನಾವು 2020ರಲ್ಲಿ ಎರಡು ಸಲ ನೋಡಿದೆವು.

ಮೊದಲನೆಯದು ಕೊರೋನಾ. ಮಾರ್ಚ್ 25ರಿಂದ ಲಾಕ್‌ಡೌನ್ ಆಯಿತು. ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಒಂದು ಆದೇಶ ಹೊರಡಿಸಿತು: ಕೂಲಿ ಕೆಲಸಗಾರರಿಂದ, ವಲಸೆ ಬಂದವರಿಂದ ಮನೆ ಮಾಲೀಕರು ಒಂದು ತಿಂಗಳು ಬಾಡಿಗೆ ಕೇಳಬಾರದು, ಖಾಲಿ ಮಾಡಿಸಬಾರದು, ಮಾಡಿಸಿದರೆ ಕ್ರಮ. ನ್ಯಾಯವಾದ ಆದೇಶವೇ. ಊಟಕ್ಕಿಲ್ಲದವರನ್ನು ಬೀದಿಗೆ ತಳ್ಳುವುದು ಯಾವ ಧರ್ಮ? ಆದರೆ ಎರಡು ರೂಮಿನ ಬಾಡಿಗೆ ನಂಬಿ ಸಾಲ ತೆಗೆದಿದ್ದ ನಮ್ಮ ಅಕ್ಕಂದಿರೂ ಆ ತಿಂಗಳು ಅಷ್ಟೇ ಕಷ್ಟಪಟ್ಟರು.

ಎರಡನೆಯದು ಅದೇ ವರ್ಷ ಡಿಸೆಂಬರ್ 12ರ ಬೆಳಗಿನ ಜಾವ. ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳ ಸರಿಯಾಗಿ ಬಂದಿಲ್ಲವೆಂದು ಕೆಲಸಗಾರರ ಸಿಟ್ಟು ಒಡೆದು ಗಲಾಟೆಯಾಯಿತು. ಅವರಲ್ಲಿ ಬಹಳ ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಗಾಜು, ಯಂತ್ರ ಪುಡಿಯಾದವು. ಪೊಲೀಸರು ನೂರಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ಕಾರ್ಖಾನೆ ಕೆಲಸ ನಿಂತಿತು. ಭಯಕ್ಕೆ ಹುಡುಗರು ಬಟ್ಟೆ ಚೀಲ ಹಿಡಿದು ಊರು ಬಿಟ್ಟರು. ತಪ್ಪು ಮಾಡಿದವರ ಜೊತೆ ಮಾಡದವರೂ ಹೋದರು. ಬಾಗಿಲಿಗೆ ಬೀಗ, ಒಳಗೆ ಚಾಪೆ, ಪಾತ್ರೆ. ಅಡ್ವಾನ್ಸ್ ಯಾರಿಗೆ ವಾಪಸ್ ಕೊಡಬೇಕು, ಬಾಡಿಗೆ ಯಾರನ್ನು ಕೇಳಬೇಕು? ಆ ಕಾರ್ಖಾನೆಯನ್ನು 2023ರಲ್ಲಿ ಟಾಟಾದವರು ತೆಗೆದುಕೊಂಡರು, ಮತ್ತೆ ಜನ ಬಂದರು, ಮತ್ತೆ ರೂಮು ಎದ್ದವು.

ಈಗ ಇನ್ನೊಂದು ವಿಷಯ ಬಂದಿದೆ. ದೊಡ್ಡ ಕಾರ್ಖಾನೆಗಳು ತಮ್ಮ ಕೆಲಸಗಾರರಿಗೆ ತಾವೇ ಹಾಸ್ಟೆಲ್ ಕಟ್ಟುತ್ತಿವೆ. ದೇವನಹಳ್ಳಿಯ ಫಾಕ್ಸ್‌ಕಾನ್‌ನಲ್ಲಿ ಹೆಣ್ಣುಮಕ್ಕಳಿಗೆ ಇಂಥ ವ್ಯವಸ್ಥೆ ಆಗಿದೆ. ಹೆಣ್ಣುಮಕ್ಕಳ ಸುರಕ್ಷತೆಗೆ ಅದು ಒಳ್ಳೆಯದೇ. ಆದರೆ "ಹತ್ತು ವರ್ಷ ರೂಮು ತುಂಬಿಯೇ ಇರುತ್ತೆ" ಎಂದು ಲೆಕ್ಕ ಹಾಕುವವರು ಇದನ್ನೂ ಮನಸ್ಸಿನಲ್ಲಿಡಿ. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಅದನ್ನು ನೋಡಿ ಎಲ್ಲರೂ ಟೊಮೆಟೊ ನೆಟ್ಟರೆ ಏನಾಗುತ್ತದೆಂದು ನಿಮಗೆ ನಾನು ಹೇಳಿಕೊಡಬೇಕೇ?

ಲೆಕ್ಕ ಹಾಕೋಣ, ಸ್ಲೇಟು ತೆಗೆದುಕೊಳ್ಳಿ

ಇದು ಉದಾಹರಣೆ ಮಾತ್ರ. ನಿಮ್ಮ ಊರಿನ ಕೂಲಿ, ಸಿಮೆಂಟಿನ ಬೆಲೆ, ಬಾಡಿಗೆ ಹಾಕಿ ನೀವೇ ಮತ್ತೆ ಬರೆಯಿರಿ.

ಜಾಗ ನಮ್ಮದೇ. ನಾಲ್ಕು ಶೀಟಿನ ರೂಮು, ಹಿಂದೆ ಬಚ್ಚಲು, ಕಕ್ಕಸು, ಒಂದು ಸಂಪು. ಖರ್ಚು 6 ಲಕ್ಷ ಎಂದಿಟ್ಟುಕೊಳ್ಳಿ. ಕೈಯಲ್ಲಿರುವುದು 2 ಲಕ್ಷ, ಸಾಲ 4 ಲಕ್ಷ. ನೂರಕ್ಕೆ ವರ್ಷಕ್ಕೆ 12 ರೂಪಾಯಿ ಬಡ್ಡಿ, ಉಳಿದ ಅಸಲಿನ ಮೇಲೆ ಮಾತ್ರ, ಐದು ವರ್ಷ. ತಿಂಗಳ ಕಂತು ಸುಮಾರು 8,900 ರೂಪಾಯಿ ಆಗುತ್ತದೆ. ವರ್ಷಕ್ಕೆ ಹತ್ತಿರ ಹತ್ತಿರ 1,06,800.

ರೂಮೊಂದಕ್ಕೆ 2,500 ಬಾಡಿಗೆ ಬಂದರೆ ನಾಲ್ಕಕ್ಕೆ 10,000. "ಕಂತು 8,900, ಬಾಡಿಗೆ 10,000, ಮೇಲೆ 1,100 ಮಿಗುತ್ತೆ" ಎಂದು ಮೇಸ್ತ್ರಿಯೂ ಹೇಳುತ್ತಾನೆ, ಗಂಡನೂ ಹೇಳುತ್ತಾನೆ. ಈ ಲೆಕ್ಕದಲ್ಲೇ ಹಳ್ಳ ಇರುವುದು. ವರ್ಷದ ಹನ್ನೆರಡು ತಿಂಗಳೂ ನಾಲ್ಕೂ ರೂಮು ತುಂಬಿರುವುದಿಲ್ಲ. ಒಬ್ಬರು ಬಿಟ್ಟುಹೋಗಿ ಇನ್ನೊಬ್ಬರು ಬರುವ ತನಕ, ಸುಣ್ಣ ಬಳಿಯುವ ತನಕ ಖಾಲಿ. ರೂಮಿಗೆ ವರ್ಷಕ್ಕೆ ಎರಡು ತಿಂಗಳು ಖಾಲಿ ಎಂದು ಹಿಡಿಯಿರಿ. 1,20,000 ಬದಲು 1,00,000 ಬರುತ್ತದೆ. ಅದರಲ್ಲಿ ಮೋಟಾರು, ನಲ್ಲಿ, ಟ್ಯಾಂಕರ್ ನೀರು, ಗುಂಡಿ ಖಾಲಿ ಮಾಡಿಸುವುದು, ಪಂಚಾಯ್ತಿ ಕಂದಾಯ ಸೇರಿ 18,000 ಹೋಯಿತು ಅನ್ನಿ. ಉಳಿದದ್ದು 82,000. ಕಟ್ಟಬೇಕಾದ ಕಂತು 1,06,800. ವರ್ಷಕ್ಕೆ ಸುಮಾರು 25,000 ಕೈಯಿಂದ ಹಾಕಬೇಕು. ಐದು ವರ್ಷ.

ಈಗ ಅದೇ ಜಾಗದಲ್ಲಿ ಮೊದಲು ಎರಡೇ ರೂಮು ಕಟ್ಟಿದೆವು ಅನ್ನಿ. ಖರ್ಚು 3 ಲಕ್ಷ, ಕೈಯದು 1 ಲಕ್ಷ, ಸಾಲ 2 ಲಕ್ಷ. ಕಂತು ತಿಂಗಳಿಗೆ 4,450, ವರ್ಷಕ್ಕೆ 53,400. ಬಾಡಿಗೆ, ಖಾಲಿ ತಿಂಗಳು ಕಳೆದು, 50,000. ಖರ್ಚು 10,000. ಉಳಿದದ್ದು 40,000. ಕೈಯಿಂದ ಹಾಕಬೇಕಾದ್ದು ವರ್ಷಕ್ಕೆ 13,400, ತಿಂಗಳಿಗೆ 1,100ರ ಆಸುಪಾಸು. ಒಂದು ಹಸುವಿನ ಡೈರಿ ಬಟವಾಡೆಯಲ್ಲಿ ಇದನ್ನು ತುಂಬಬಹುದು. ಕೈಯಲ್ಲಿ ಇನ್ನೂ 1 ಲಕ್ಷ ಉಳಿದಿದೆ. ಕಾರ್ಖಾನೆ ಮುಚ್ಚಿದರೂ ಅದರಲ್ಲೇ ಎರಡು ವರ್ಷಕ್ಕೆ ಹತ್ತಿರ ಕಂತು ಕಟ್ಟಿಕೊಂಡು ಹೋಗಬಹುದು. ಸಾಲ ತೀರಿದ ಮೇಲೆ ಮುಂದಿನ ಎರಡು ರೂಮು ಕಟ್ಟಿದರಾಯಿತು. ಅಡಿಪಾಯ ಮಾತ್ರ ಮೊದಲೇ ನಾಲ್ಕಕ್ಕೂ ಹಾಕಿಸಬಹುದು.

ಸಾಲ ಎಲ್ಲಿಂದ ಎಂಬುದೂ ಮುಖ್ಯ. ಬಾಡಿಗೆ ಬರುವುದು ತಿಂಗಳಿಗೊಮ್ಮೆ, ಅದೂ ಕಾರ್ಖಾನೆ ಸಂಬಳ ಆದ ಮೇಲೆ. ವಾರದ ಕಂತಿನ ಫೈನಾನ್ಸ್ ಸಾಲ ತೆಗೆದು ರೂಮು ಕಟ್ಟಿದರೆ ಮೂರು ವಾರ ಬೇರೆ ಕಡೆ ಸಾಲ ಮಾಡಬೇಕಾಗುತ್ತದೆ. ಒಬ್ಬೊಬ್ಬರು ಮೂರು ನಾಲ್ಕು ಕಂಪನಿಯಲ್ಲಿ ಸಾಲ ತೆಗೆದು, ಒಂದನ್ನು ತೀರಿಸಲು ಇನ್ನೊಂದು ತೆಗೆದು, 2009ರಲ್ಲಿ ಕೋಲಾರ ಪಟ್ಟಣದಲ್ಲಿ ಮರುಪಾವತಿಯೇ ನಿಂತುಹೋದದ್ದು ಹಿರಿಯ ಸದಸ್ಯರಿಗೆ ನೆನಪಿರಬೇಕು. ದೇಶದ ಪತ್ರಿಕೆಗಳಲ್ಲೆಲ್ಲ ನಮ್ಮ ಊರಿನ ಹೆಸರು ಬಂತು. ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಆದರೆ ಕಾನೂನು ಬಂತೆಂದು ನೋಂದಾಯಿತ ಸಂಸ್ಥೆಯ ಸಾಲ ಮನ್ನಾ ಆಗುವುದಿಲ್ಲ. ಮೊದಲು ಸಂಘದ ಸಾಲ, ಆಮೇಲೆ ಬ್ಯಾಂಕು.

ಸಾಲ ಇವಳ ತಲೆ ಮೇಲೆ, ಬಾಡಿಗೆ ಯಾರ ಜೇಬಿಗೆ?

ಇದನ್ನು ಬರೆಯಲೆಂದೇ ನಾನು ಈ ಪಾಠ ಹಿಡಿದದ್ದು ಎಂದರೂ ತಪ್ಪಿಲ್ಲ.

ಸಂಘದಿಂದ ಸಾಲ ತೆಗೆದವಳು ಹೆಂಡತಿ. ಸಹಿ ಅವಳದು, ಫೋಟೋ ಅವಳದು, ಸಭೆಯಲ್ಲಿ ಎದ್ದು ನಿಂತು ಕಂತು ಬಾಕಿಗೆ ಉತ್ತರ ಹೇಳುವವಳೂ ಅವಳೇ. ರೂಮು ಎದ್ದದ್ದು ಮಾತ್ರ ಮಾವನ ಹೆಸರಿನ ಜಾಗದಲ್ಲಿ. ಕರಾರುಪತ್ರದಲ್ಲಿ ಗಂಡನ ಹೆಸರು. ಐದನೇ ತಾರೀಖು ಬಾಡಿಗೆ ಎತ್ತಲು ಹೋಗುವವನು ಗಂಡ. ಬರುವಾಗ ದಾರಿಯಲ್ಲಿ ಬಾರು. ರೂಮು ಕಟ್ಟುವಾಗ ಇಟ್ಟಿಗೆ ಹೊತ್ತು, ಗೋಡೆಗೆ ನೀರು ಹಾಕಿದವಳು ಕಂತಿಗೆ ಕಿವಿಯ ಓಲೆ ಅಡ ಇಡುತ್ತಾಳೆ. ಇಂಥ ಮನೆ ನಾನು ಒಂದಲ್ಲ ಎರಡಲ್ಲ, ತುಂಬಾ ನೋಡಿದ್ದೇನೆ. ಗಂಡ ತೀರಿಹೋದ ಮೇಲೆ ಮೈದುನರು ಬಂದು "ಜಾಗ ನಮ್ಮಪ್ಪಂದು, ರೂಮೂ ನಮ್ಮದೇ" ಎಂದು ಬೀಗ ಹಾಕಿದ್ದನ್ನೂ ನೋಡಿದ್ದೇನೆ. ಸಾಲ ಮಾತ್ರ ಯಾರೂ "ನಮ್ಮದು" ಎನ್ನಲಿಲ್ಲ.

ಆದ್ದರಿಂದ ಇಟ್ಟಿಗೆ ಇಳಿಸುವ ಮೊದಲೇ ಮಾತಾಡಿ. ಜಾಗ ನಿಮ್ಮ ಹೆಸರಿಗೆ, ಇಲ್ಲವೇ ಗಂಡ ಹೆಂಡತಿ ಜಂಟಿ ಹೆಸರಿಗೆ ಆಗಲಿ. ಕುಟುಂಬದೊಳಗೆ ದಾನಪತ್ರ ಮಾಡಿಸಿದರೆ ಮುದ್ರಾಂಕ ಶುಲ್ಕ ಹೊರಗಿನವರಿಗೆ ಮಾರುವುದಕ್ಕಿಂತ ಬಹಳ ಕಡಿಮೆ. ಮಾವ ಒಪ್ಪದಿದ್ದರೆ? ಆಗ ನಿಮ್ಮ ಹೆಸರಿನಲ್ಲಿ ದೊಡ್ಡ ಸಾಲ ತೆಗೆಯಬೇಡಿ. ಜಾಗ ಕೊಡಲು ನಂಬಿಕೆ ಇಲ್ಲದವರಿಗೆ ಸಾಲ ಹೊರಿಸಲು ಮಾತ್ರ ಹೇಗೆ ನಂಬಿಕೆ ಬಂತು? ಇದನ್ನು ನೀವು ಮನೆಯಲ್ಲಿ ಕೇಳಲಾಗದಿದ್ದರೆ ಸಂಘದವರು ಕೇಳಲಿ. ಕೆಲವು ಸಂಘಗಳು "ಖಾತೆಯಲ್ಲಿ ಸದಸ್ಯೆಯ ಹೆಸರು ಇಲ್ಲದಿದ್ದರೆ ರೂಮು ಕಟ್ಟಲು ಸಾಲವಿಲ್ಲ" ಎಂದು ಠರಾವು ಮಾಡಿಕೊಂಡಿವೆ. ಮನೆಯಲ್ಲಿ ಮಾತಾಡಲು ಹೆದರುವ ಸೊಸೆಗೆ ಆ ಠರಾವೇ ಬಾಯಿ ಆಗುತ್ತದೆ.

ಬಾಡಿಗೆ ನಿಮ್ಮ ಬ್ಯಾಂಕ್ ಖಾತೆಗೇ ಬರಲಿ. ಈಗಿನ ಹುಡುಗರು ಫೋನಿನಲ್ಲೇ ಕಳಿಸುತ್ತಾರೆ. ಲೆಕ್ಕವೂ ಉಳಿಯುತ್ತದೆ, ದಾರಿಯಲ್ಲಿ ಬಾರೂ ಸಿಗುವುದಿಲ್ಲ.

ಸೈಟು, ಹಳೇ ಮನೆ ಕೊಳ್ಳುವವರಿಗೆ

ಸ್ವಂತ ಜಾಗ ಇಲ್ಲದವರು ಬಾಡಿಗೆಗೆಂದೇ ಸೈಟು ಅಥವಾ ಹಳೇ ಮನೆ ಕೊಳ್ಳುತ್ತಾರೆ. ಇಲ್ಲಿ ದಲ್ಲಾಳಿಗಳು ಹೇಳುವ ಮೊದಲ ಮಾತು, "ಎಲ್ಲಾ ಪೇಪರ್ ಕ್ಲಿಯರ್ ಅಕ್ಕ". ಪೇಪರ್ ಯಾವುದು ಎಂದು ಕೇಳಿ.

ಮೂಲಪತ್ರ ಬೇಕು. ಋಣಭಾರ ಪತ್ರ, ಅಂದರೆ ಇ.ಸಿ., ಹಳೆಯ ವರ್ಷಗಳಿಂದ ತೆಗೆಸಬೇಕು. ಪಂಚಾಯ್ತಿ ಜಾಗವಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇದೆಯಾ ನೋಡಿ. "11ಬಿ ಇದೆಯಲ್ಲ" ಎನ್ನುತ್ತಾರೆ. 11ಬಿ ಇದ್ದ ಮಾತ್ರಕ್ಕೆ ಬಡಾವಣೆಗೆ ಅನುಮೋದನೆ ಸಿಕ್ಕಿದೆ ಎಂದಲ್ಲ. ಹೊಲವನ್ನು ಭೂಪರಿವರ್ತನೆ ಮಾಡಿಸದೆ ಗೂಟ ಹೊಡೆದು ಸೈಟು ಮಾಡಿದ ರೆವಿನ್ಯೂ ಸೈಟುಗಳು ಕೈಗಾರಿಕಾ ಪ್ರದೇಶದ ಸುತ್ತ ಬೇಕಾದಷ್ಟಿವೆ. ಕಡಿಮೆ ರೇಟಿಗೆ ಸಿಗುವುದು ಅದಕ್ಕೇ.

ಜಿ.ಪಿ.ಎ. ಮಾಡಿಕೊಡುತ್ತೇವೆ, ಅದೂ ಒಂದೇ ಎನ್ನುವವರಿದ್ದಾರೆ. ಒಂದೇ ಅಲ್ಲ. ಜಿ.ಪಿ.ಎ. ಮತ್ತು ಅಗ್ರಿಮೆಂಟಿನಿಂದ ಆಸ್ತಿ ಕೊಂಡವರ ಪಾಲಾಗುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಇನ್ನೆರಡು ವಿಷಯ ನಮ್ಮ ಜಿಲ್ಲೆಯಲ್ಲಿ ತುಂಬಾ ಮುಖ್ಯ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವಂತಿಲ್ಲ. 1978ರ ಪಿ.ಟಿ.ಸಿ.ಎಲ್. ಕಾಯಿದೆ ಅದು. ಕೊಂಡರೆ ಆ ವ್ಯಾಪಾರ ನಿಲ್ಲುವುದಿಲ್ಲ, ಜಮೀನು ಮೂಲದವರಿಗೆ ಹಿಂದಿರುಗುತ್ತದೆ. ಎಷ್ಟು ವರ್ಷ ಕಳೆದರೂ ಅವರು ಅರ್ಜಿ ಹಾಕಬಹುದು ಎಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಇದನ್ನು ಕೊಳ್ಳುವವರ ಕಷ್ಟ ಎಂದಷ್ಟೇ ನೋಡಬೇಡಿ. ನಮ್ಮ ಸಂಘಗಳಲ್ಲಿ ಇಂಥ ಮಂಜೂರಾದ ಭೂಮಿಯನ್ನು ಬಿಡಿಗಾಸಿಗೆ ಕಳೆದುಕೊಂಡ ಮನೆತನದವರೂ ಇದ್ದಾರೆ. ಅವರಿಗೆ ಇದೇ ಕಾನೂನು ಆಸರೆ.

ಎರಡನೆಯದು ಹೆಣ್ಣುಮಕ್ಕಳ ಸಹಿ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕದಲ್ಲಿ 1994ರಿಂದ, ಇಡೀ ದೇಶಕ್ಕೆ 2005ರಿಂದ ಕಾನೂನಿದೆ. ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ ಮಾರಿದ ಮನೆಗೆ ನಾಳೆ ಅಕ್ಕತಂಗಿಯರು ದಾವೆ ಹಾಕಬಹುದು. ಕೊಳ್ಳುವಾಗ "ನಿಮಗೆ ಹೆಣ್ಣುಮಕ್ಕಳೆಷ್ಟು, ಅವರು ಸಹಿ ಹಾಕುತ್ತಾರಾ" ಎಂದು ಕೇಳಿ. ನಿಮ್ಮ ತವರಿನಲ್ಲಿ ನಿಮ್ಮ ಸಹಿ ಕೇಳಿದರಾ ಎಂಬುದನ್ನೂ ಅದೇ ಉಸಿರಿನಲ್ಲಿ ನೆನೆಸಿಕೊಳ್ಳಿ.

ಅಡ್ವಾನ್ಸು, ಭೋಗ್ಯ

ಅಡ್ವಾನ್ಸು ನಮ್ಮ ದುಡ್ಡಲ್ಲ. ಅವರದ್ದು, ನಮ್ಮ ಹತ್ತಿರ ಇಟ್ಟಿರುವುದು. ಇದೊಂದು ಮಾತು ಗಟ್ಟಿಯಾಗಿ ಹಿಡಿದರೆ ಅರ್ಧ ಜಗಳ ಇಲ್ಲ. ಬಿಟ್ಟುಹೋಗುವ ದಿನ ಬಾಡಿಗೆ ಬಾಕಿ, ಮುರಿದದ್ದು ಒಡೆದದ್ದು ಕಳೆದು ಉಳಿದದ್ದನ್ನು ಕೈಗೆ ಕೊಡಬೇಕು. "ಹೊಸಬರು ಬಂದ ಮೇಲೆ ಕೊಡ್ತೀನಿ" ಎಂದು ಬಡ ಕೆಲಸಗಾರನನ್ನು ಹತ್ತು ಸಲ ಅಲೆದಾಡಿಸುವುದನ್ನು ನೋಡಿದ್ದೇನೆ. ನಮ್ಮ ಸಂಘದವರೇ ಹಾಗೆ ಮಾಡಿದಾಗ ನನಗೆ ನಾಚಿಕೆಯಾಯಿತು. ಅಡ್ವಾನ್ಸನ್ನು ಬೇರೆ ಉಳಿತಾಯ ಖಾತೆಯಲ್ಲಿ ಹಾಕಿ ಮುಟ್ಟದೆ ಇಡಿ.

ಭೋಗ್ಯ ಇನ್ನೂ ದೊಡ್ಡದು. ತಿಂಗಳಿಗೆ 5,000 ಬಾಡಿಗೆ ಬರುವ ಮನೆಯನ್ನು 4 ಲಕ್ಷಕ್ಕೆ ಮೂರು ವರ್ಷ ಭೋಗ್ಯಕ್ಕೆ ಕೊಟ್ಟಿರಿ ಎಂದುಕೊಳ್ಳಿ. ವರ್ಷಕ್ಕೆ 60,000 ಬಾಡಿಗೆ ಬಿಟ್ಟುಕೊಟ್ಟ ಹಾಗೆ. ಅಂದರೆ ಆ 4 ಲಕ್ಷಕ್ಕೆ ನೂರಕ್ಕೆ ವರ್ಷಕ್ಕೆ 15 ರೂಪಾಯಿ, ತಿಂಗಳಿಗೆ ಒಂದೂಕಾಲು ರೂಪಾಯಿ ಬಡ್ಡಿ ಕೊಟ್ಟಂತೆ. ಮೂರು ರೂಪಾಯಿ ಬಡ್ಡಿಯ ಕೈಸಾಲ ತೀರಿಸಲು ಇದನ್ನು ಬಳಸಿದರೆ ಲಾಭ ಇದೆ, ಇಲ್ಲವೆನ್ನುವುದಿಲ್ಲ. ಮಗಳ ಮದುವೆಯ ಊಟಕ್ಕೆ ಹಾಕಿದರೆ? ಮೂರು ವರ್ಷ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬರುತ್ತದೆ. 4 ಲಕ್ಷ ಕೈಯಲ್ಲಿಲ್ಲ. ದುಡ್ಡು ಕೊಡುವ ತನಕ ಅವರು ಬಿಡುವುದಿಲ್ಲ, ಬಾಡಿಗೆಯೂ ಬರುವುದಿಲ್ಲ. ಇನ್ನೊಬ್ಬರನ್ನು ಹುಡುಕಿ ಅವರ ದುಡ್ಡು ಇವರಿಗೆ ಕೊಟ್ಟು, ಮನೆ ನಮ್ಮದಾಗಿದ್ದೂ ನಮ್ಮದಲ್ಲದ ಹಾಗೆ ಹತ್ತು ವರ್ಷ ಕಳೆದವರಿದ್ದಾರೆ. ಭೋಗ್ಯಪತ್ರ ಬರೀ ಛಾಪಾ ಕಾಗದದಲ್ಲಿ ಬರೆದರೆ ಸಾಲದು, ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಬೇಕು. ಕೊಡುವವರಿಗೂ ಕೊಳ್ಳುವವರಿಗೂ ಅದರಲ್ಲೇ ಭದ್ರತೆ.

ಕರಾರುಪತ್ರ

"ಎರಡು ಸಾವಿರದ ರೂಮಿಗೆ ಎಂಥ ಕರಾರುಪತ್ರ?" ಎನ್ನಬೇಡಿ. ಹನ್ನೊಂದು ತಿಂಗಳಿಗೆ ಬರೆಯುವುದು ರೂಢಿ, ಯಾಕೆಂದರೆ ಒಂದು ವರ್ಷ ದಾಟಿದ ಅವಧಿಗೆ ನೋಂದಣಿ ಕಡ್ಡಾಯವಾಗುತ್ತದೆ. ಇ-ಸ್ಟಾಂಪ್ ಕಾಗದದಲ್ಲಿ ಬಾಡಿಗೆ ಎಷ್ಟು, ಯಾವ ತಾರೀಖು, ಅಡ್ವಾನ್ಸು ಎಷ್ಟು, ಕರೆಂಟು ನೀರು ಯಾರದು, ಎಷ್ಟು ಜನ ಇರುತ್ತಾರೆ, ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು, ಎಲ್ಲ ಬರೆಯಿರಿ. ಎರಡು ಪ್ರತಿ, ಒಂದು ಅವರಿಗೆ. ಕನ್ನಡ ಬಾರದವರಿಗೆ ಓದಿ ಅರ್ಥ ಹೇಳಿ ಸಹಿ ಹಾಕಿಸಿ. ಆಧಾರ್ ಪ್ರತಿ, ಕಾರ್ಖಾನೆ ಗುರುತಿನ ಚೀಟಿ, ಊರಿನಲ್ಲಿರುವ ಅಪ್ಪ ಅಮ್ಮನ ಫೋನ್ ನಂಬರು ಇಟ್ಟುಕೊಳ್ಳಿ. ಪೊಲೀಸ್ ಠಾಣೆಗೂ ಒಂದು ಪ್ರತಿ ಕೊಡಿ. 2020ರ ಡಿಸೆಂಬರಿನಲ್ಲಿ ಯಾರ ರೂಮಿನಲ್ಲಿ ಯಾರಿದ್ದರೆಂದು ಹೇಳಲಾಗದೆ ಪೇಚಾಡಿದವರಿಗೆ ಇದರ ಬೆಲೆ ಗೊತ್ತು. ಬಾಡಿಗೆ ಬಂದ ತಕ್ಷಣ ಚೀಟಿ ಬರೆದುಕೊಡಿ. ಸಂಘದ ಪಾಸ್‌ಬುಕ್ ಬರೆಯಲು ಕಲಿತವರಿಗೆ ಇದೇನು ಕಷ್ಟ?

ನೀರು, ಕರೆಂಟು, ಗುಂಡಿ

ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. 2018ರಿಂದ ಕೆ.ಸಿ. ವ್ಯಾಲಿ ನೀರು ಕೆರೆಗಳಿಗೆ ಬಂದು ಹಲವು ಕಡೆ ಬೋರ್‌ವೆಲ್‌ಗಳಲ್ಲಿ ನೀರು ಏರಿದೆ, ನಿಜ. ಆದರೂ ಬೇಸಿಗೆಯಲ್ಲಿ ಟ್ಯಾಂಕರ್ ತಪ್ಪಿಲ್ಲ. ನಾಲ್ಕು ರೂಮಿಗೆ ಹತ್ತು ಹನ್ನೆರಡು ಜನ. ದೊಡ್ಡ ಸಂಪು ಇಲ್ಲದೆ ರೂಮು ಕಟ್ಟಬೇಡಿ, ಒಂದು ರೂಮು ಕಡಿಮೆಯಾದರೂ ಪರವಾಗಿಲ್ಲ. ಶೀಟಿನ ಮೇಲೆ ಬಿದ್ದ ಮಳೆ ನೀರಿಗೂ ಪೈಪು ಹಾಕಿಸಿ ಸಂಪಿಗೆ ಬಿಡಿ. ಅದು ಬಟ್ಟೆ, ಪಾತ್ರೆಗೆ.

ಕರೆಂಟಿಗೆ ಆದಷ್ಟೂ ಪ್ರತ್ಯೇಕ ಮೀಟರು ಹಾಕಿಸಿ. ಗೃಹಜ್ಯೋತಿ ಯೋಜನೆ 2023ರಲ್ಲಿ ಬಂದಾಗ ಬಾಡಿಗೆದಾರರಿಗೂ ಅನುಕೂಲ ಸಿಗುವಂತೆ ಮಾಡಿದರು. ಆದರೆ ಒಂದೇ ಮೀಟರಿನಲ್ಲಿ ನಾಲ್ಕು ರೂಮು ಸೇರಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ಆಮೇಲೆ ಯಾರು ಫ್ಯಾನ್ ಹೆಚ್ಚು ಹಾಕಿದರು ಎಂಬ ಜಗಳ. ಬಾಡಿಗೆದಾರರು ಬಿಟ್ಟುಹೋಗುವಾಗ ಅವರ ಆಧಾರ್ ಜೋಡಣೆ ತೆಗೆಸಿಕೊಳ್ಳಬೇಕು. ಇಲ್ಲದಿದ್ದರೆ ಮುಂದೆ ಬರುವವರಿಗೆ ನೋಂದಾಯಿಸಲು ತೊಂದರೆ.

ಕಕ್ಕಸಿನ ಗುಂಡಿ ಬಗ್ಗೆ ಯಾರೂ ಮಾತಾಡುವುದಿಲ್ಲ, ನಾನು ಮಾತಾಡುತ್ತೇನೆ. ಹತ್ತು ಜನ ಬಳಸುವ ಗುಂಡಿ ಬೇಗ ತುಂಬುತ್ತದೆ. ತುಂಬಿದಾಗ ಯಂತ್ರದ ಗಾಡಿ ಕರೆಸಿ. ಗಾಡಿಗೆ ದುಡ್ಡು ಜಾಸ್ತಿ ಎಂದು ಯಾವ ಮನುಷ್ಯನನ್ನೂ ಗುಂಡಿಗೆ ಇಳಿಸಬೇಡಿ. 2013ರ ಕಾನೂನಿನಂತೆ ಅದು ಅಪರಾಧ, ಮನೆ ಮಾಲೀಕರೂ ಹೊಣೆ. ಈ ಅನಿಷ್ಟದ ವಿರುದ್ಧ ದೇಶವೆಲ್ಲ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ನಮ್ಮ ಕೆ.ಜಿ.ಎಫ್.ನಲ್ಲೇ ಹುಟ್ಟಿದವರು. ಅವರ ಜಿಲ್ಲೆಯಲ್ಲಿ ಇದು ನಡೆಯಬಾರದು. ಕಟ್ಟುವಾಗಲೇ ಎರಡು ಗುಂಡಿ ತೆಗೆಸಿ, ಗಾಡಿ ಬರುವಷ್ಟು ದಾರಿ ಬಿಡಿ.

ಯಾರಿಗೆ ಕೊಡುವುದು?

ಕೋಲಾರ ಪಟ್ಟಣದಲ್ಲಿ ಮಗನ ಓದಿಗೆಂದು ಮನೆ ಹುಡುಕಿಕೊಂಡು ಹೋದಾಗ "ನೀವು ಯಾವ ಜನ?" ಎಂಬ ಪ್ರಶ್ನೆಗೆ ಉತ್ತರ ಹೇಳಿ, ಗೇಟಿನಿಂದಲೇ ಹಿಂದಿರುಗಿದ ನಮ್ಮ ಸದಸ್ಯೆಯರು ಎಷ್ಟು ಜನ? ಕೈ ಎತ್ತಿ ಎಂದರೆ ಎಷ್ಟೋ ಕೈ ಏಳುತ್ತವೆ. ಈಗ ಅದೇ ನಾವು ರೂಮು ಕಟ್ಟಿ ಗೇಟಿನ ಈ ಕಡೆ ನಿಂತಿದ್ದೇವೆ. ಬಂದವರನ್ನು ನಾವು ಮೊದಲು ಕೇಳುವ ಪ್ರಶ್ನೆ ಯಾವುದು?

"ನಾನ್‌ವೆಜ್ ಮಾಡೋರಿಗೆ ಕೊಡಲ್ಲ", "ಸಾಬರಿಗೆ ಕೊಡಲ್ಲ", "ಒಂಟಿ ಹೆಂಗಸಿಗೆ ಕೊಟ್ರೆ ಊರೋರು ಮಾತಾಡ್ತಾರೆ". ಇವೆಲ್ಲ ನಮ್ಮ ಸಭೆಗಳಲ್ಲೇ ಕೇಳಿದ ಮಾತು. ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರು ಒಂದು ಕಡೆ ವಾಸ ಮಾಡದಂತೆ ತಡೆಯುವುದು 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆಯಲ್ಲಿ ಶಿಕ್ಷೆಯಾಗುವ ಅಪರಾಧ. ಕಾನೂನು ಬಿಡಿ. ಪ್ರತಿ ವರ್ಷ ಕ್ರಿಸ್‌ಮಸ್ ನಾಟಕದಲ್ಲಿ "ಛತ್ರದಲ್ಲಿ ಜಾಗ ಇಲ್ಲ" ಎಂದು ಬಾಗಿಲು ಹಾಕುವವನ ಪಾತ್ರಕ್ಕೆ ಮಕ್ಕಳು ಯಾರೂ ಒಪ್ಪುವುದಿಲ್ಲ, ನಾವೇ ಒಬ್ಬನನ್ನು ಪುಸಲಾಯಿಸಬೇಕು. ದೊಡ್ಡವರಾದ ಮೇಲೆ ಯಾಕೆ ಅಷ್ಟು ಸುಲಭವಾಗಿ ಒಪ್ಪುತ್ತೇವೆ?

ಕೇಳಬೇಕಾದ್ದು ಬೇರೆ: ಕೆಲಸ ಎಲ್ಲಿ, ಸಂಬಳ ಯಾವ ತಾರೀಖು, ಎಷ್ಟು ಜನ, ಹಿಂದೆ ಎಲ್ಲಿದ್ದಿರಿ, ಯಾಕೆ ಬಿಟ್ಟಿರಿ. ಹಿಂದಿನ ಮನೆಯವರಿಗೆ ಒಂದು ಫೋನು ಮಾಡಿ.

ಹೆಣ್ಣುಮಕ್ಕಳಿಗೆ ಕೊಟ್ಟವರು ಬಾಗಿಲಿಗೆ ಒಳಗಿನಿಂದ ಗಟ್ಟಿ ಚಿಲಕ, ಬಚ್ಚಲಿನ ದಾರಿಗೆ ದೀಪ ಹಾಕಿಸಿ. ರಾತ್ರಿ ಪಾಳಿ ಮುಗಿಸಿ ಬಸ್ಸಿಳಿದು ಬರುವ ಹುಡುಗಿಯನ್ನು "ಇಷ್ಟೊತ್ತಲ್ಲಿ ಎಲ್ಲಿಂದ ಬಂದೆ" ಎಂದು ಕೇಳುವ ಅಧಿಕಾರ ಬಾಡಿಗೆ ಜೊತೆ ಬರುವುದಿಲ್ಲ. ಅವಳಿಗೆ ಜ್ವರ ಬಂದಾಗ ಒಂದು ಲೋಟ ಗಂಜಿ ಕೊಟ್ಟ ಮನೆಯೊಡತಿಯನ್ನು ಅವಳು ಆಂಟಿ ಎನ್ನುವುದಿಲ್ಲ, ಅಮ್ಮ ಎನ್ನುತ್ತಾಳೆ. ಅಂಥ ಮನೆ ಖಾಲಿ ಬೀಳುವುದೂ ಕಡಿಮೆ. ಬಿಟ್ಟುಹೋಗುವವರೇ ಇನ್ನೊಬ್ಬರನ್ನು ಕರೆತಂದು ಬಿಡುತ್ತಾರೆ.

ಬಾಡಿಗೆ ಕೊಡದಿದ್ದರೆ

ಮೊದಲ ತಿಂಗಳು ತಪ್ಪಿದಾಗಲೇ ಹೋಗಿ ಕೂತು ಮಾತಾಡಿ. ಸಂಬಳ ಆಗಿಲ್ಲವಾ, ಊರಿನಲ್ಲಿ ಕಷ್ಟವಾ ಕೇಳಿ. ಎರಡು ಕಂತಿನಲ್ಲಿ ಕೊಡಲು ಬರೆಸಿಕೊಳ್ಳಿ. ನಾಲ್ಕು ತಿಂಗಳು ಸುಮ್ಮನಿದ್ದು ಐದನೇ ತಿಂಗಳು ಕೂಗಾಡುವುದರಿಂದ ಏನೂ ಬರುವುದಿಲ್ಲ, ಅಷ್ಟರಲ್ಲಿ ಅಡ್ವಾನ್ಸು ಕರಗಿರುತ್ತದೆ.

ಕೊಡುವುದೇ ಇಲ್ಲ, ಬಿಡುವುದೂ ಇಲ್ಲ ಎಂದರೆ? ನೀರು, ಕರೆಂಟು ಕತ್ತರಿಸುವುದು, ಅವರಿಲ್ಲದಾಗ ಬೀಗ ಒಡೆದು ಸಾಮಾನು ಹೊರಗೆಸೆಯುವುದು, ನಾಲ್ಕು ಹುಡುಗರನ್ನು ಕರೆಸಿ ಹೆದರಿಸುವುದು, ಇವು ಮಾಡಬೇಡಿ. ನ್ಯಾಯ ನಿಮ್ಮ ಕಡೆ ಇದ್ದರೂ ಕೇಸು ನಿಮ್ಮ ಮೇಲೆ ಬೀಳುತ್ತದೆ. 1999ರ ಕರ್ನಾಟಕ ಬಾಡಿಗೆ ಕಾಯಿದೆ ಎಲ್ಲ ಊರಿಗೂ, ಎಲ್ಲ ಕಟ್ಟಡಕ್ಕೂ ಅನ್ವಯಿಸುವುದಿಲ್ಲ. ಅನ್ವಯಿಸದ ಕಡೆ 1882ರ ಆಸ್ತಿ ವರ್ಗಾವಣೆ ಕಾಯಿದೆ ಇದೆ. ಬೇರೆ ಕರಾರು ಇಲ್ಲದಿದ್ದರೆ ತಿಂಗಳ ಬಾಡಿಗೆದಾರರಿಗೆ 15 ದಿನದ ಲಿಖಿತ ನೋಟಿಸು ಕೊಡಬೇಕು. ಆಮೇಲೂ ಬಿಡದಿದ್ದರೆ ಕೋರ್ಟೇ ದಾರಿ. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಫೋನು ಮಾಡಿ. ಇಂಥ ಸಣ್ಣ ತಕರಾರುಗಳು ಲೋಕ ಅದಾಲತ್‌ನಲ್ಲಿ ಬೇಗ ಮುಗಿಯುತ್ತವೆ. ಆಗ ಕರಾರುಪತ್ರ ಮತ್ತು ಚೀಟಿ ಪುಸ್ತಕ ಕೈಯಲ್ಲಿರಬೇಕು.

ಸಭೆಯಲ್ಲಿ ಚರ್ಚಿಸಲು

ನಿಮ್ಮ ಊರಿನಲ್ಲಿ ಈಗ ಬಾಡಿಗೆಗೆ ಎಷ್ಟು ರೂಮಿವೆ, ಎಷ್ಟು ಖಾಲಿ ಇವೆ? ಎರಡೆರಡು ಜನ ಸೇರಿ ಒಂದು ಬೀದಿ ಸುತ್ತಿ ಎಣಿಸಿಕೊಂಡು ಬನ್ನಿ.

ರೂಮು ಕಟ್ಟಲು ಈಗಾಗಲೇ ಸಾಲ ಪಡೆದ ಸದಸ್ಯೆಯರಲ್ಲಿ ಎಷ್ಟು ಜನರ ಹೆಸರು ಖಾತೆಯಲ್ಲಿದೆ? ಬಾಡಿಗೆ ಯಾರ ಕೈಗೆ ಬರುತ್ತಿದೆ? ಇದನ್ನು ಗುಂಪಿನಲ್ಲಿ ಹೇಳಲು ಸಂಕೋಚಪಡುವವರನ್ನು ಒತ್ತಾಯಿಸಬೇಡಿ, ಪ್ರತಿನಿಧಿಗಳು ಬೇರೆಯಾಗಿ ಮಾತಾಡಿ.

ಮೇಲಿನ ಎರಡು ರೂಮಿನ ಲೆಕ್ಕವನ್ನು ನಿಮ್ಮ ಊರಿನ ಬೆಲೆಯಲ್ಲಿ ಬರೆಯಿರಿ. ಖಾಲಿ ತಿಂಗಳು ಎರಡರ ಬದಲು ನಾಲ್ಕಾದರೆ ಕೈಯಿಂದ ಎಷ್ಟು ಹಾಕಬೇಕು?

ಮುಂದಿನ ಸಭೆಗೆ ಬರುವಾಗ ಮನೆಯ ಖಾತೆ ಪ್ರತಿ ಇದ್ದವರು ತನ್ನಿ. ಓದಲು ಬಾರದವರಿಗೆ ಪುಸ್ತಕ ಬರೆಯುವವರು ಓದಿ ಹೇಳಲಿ, ಅದರಲ್ಲಿ ಯಾರ ಹೆಸರಿದೆ ಎಂದು.